ಗಂಟೆಯೋ ದೀಪವೋ ಮೀಟರೋ

“ದೀಪವೇನೋ ಉರೀತಿದೆ, ಫೈಲು ಮಾತ್ರ ಹೋಗ್ತಿಲ್ಲ. ಏನ್ರೀ ಇದು ನಿಮ್ಮ ಕೇಬಲ್ಲು?”

ಗ್ರಾನೈಟ್ ಕಾರ್ಖಾನೆಯ ಮ್ಯಾನೇಜರು ಫೋನಿನಲ್ಲಿ ಹೀಗೆ ಕಿರುಚಿದಾಗ ನಾನು ಚಿನ್ನದ ಗಣಿಯ ಊರಾದ ಉರಿಗಾಂನ ನಮ್ಮ ಶೆಡ್ಡಿನಲ್ಲಿ ನಿಂತುಕೊಂಡೇ ಉಪ್ಪಿಟ್ಟು ತಿನ್ನುತ್ತಿದ್ದೆ. ತೊಂಬತ್ತರ ದಶಕದ ನಡುಭಾಗದ ಮಾತು ಇದು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕೇಬಲ್ ಎಳೆದು ಜೋಡಿಸುವುದು ನಮ್ಮ ಕಡೆಗೆ ಆಗಿನ್ನೂ ಹೊಸ ಕೆಲಸ. ನಮ್ಮ ಯಜಮಾನರು ಮೊದಲು ಮೋಟಾರು ವೈಂಡಿಂಗ್ ಮಾಡಿಸುತ್ತಿದ್ದವರು. ಯಾರದೋ ಮಾತು ಕೇಳಿ ಈ ಕಡೆ ತಿರುಗಿದ್ದರು. ನಾನು ಬೂದಿಕೋಟೆ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ಹಾಲು ಕರೆದು ಡೇರಿಗೆ ಹಾಕಿ, ಬಸ್ಸಿನಲ್ಲಿ ಬಂಗಾರಪೇಟೆಗೆ, ಅಲ್ಲಿಂದ ರೈಲಿನಲ್ಲಿ ಉರಿಗಾಂಗೆ ದಿನಾ ಬರುತ್ತಿದ್ದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದೇನೆ ಎಂಬ ಒಂದೇ ಕಾರಣಕ್ಕೆ ನನಗೆ ಮೇಲ್ವಿಚಾರಕಿ ಎಂದು ಹೆಸರು. ನನ್ನ ಕೈಕೆಳಗೆ ಆರು ಜನ ಹೆಂಗಸರಿದ್ದರು. ಕೈಕೆಳಗೋ ತಲೆ ಮೇಲೋ ಎಂದು ನನಗೆ ಕೊನೆವರೆಗೂ ತಿಳಿಯದಿದ್ದ ಒಬ್ಬ ಮೇಸ್ತ್ರಿ ಇದ್ದರು.

ಮೇಸ್ತ್ರಿ ಇಪ್ಪತ್ತು ವರ್ಷಕ್ಕೂ ಮೇಲೆ ಗಣಿಯ ಶಾಫ್ಟಿನಲ್ಲಿ ಗಂಟೆಯ ತಂತಿ ನೋಡಿಕೊಂಡವರು. ಶಾಫ್ಟ್ ಎಂದರೆ ಭೂಮಿಯೊಳಕ್ಕೆ ನೇರ ಇಳಿಯುವ ಬಾವಿ; ಅದರಲ್ಲಿ ಜನರನ್ನು ಹೊತ್ತು ಏರುವ ಇಳಿಯುವ ಪಂಜರಕ್ಕೆ ಕೇಜು ಅನ್ನುತ್ತಿದ್ದರು. ಕೆಳಗಿನವರು ಗಂಟೆ ಹೊಡೆದರೆ ಮೇಲಿನವರು ಅಷ್ಟೇ ಸಲ ತಿರುಗಿ ಹೊಡೆಯಬೇಕು, ಆಮೇಲೇ ಕೇಜು ಅಲ್ಲಾಡುವುದು. ಶಾಫ್ಟು ಮುಚ್ಚಿ ಕೆಲಸ ಹೋದ ಮೇಲೆ ಮೇಸ್ತ್ರಿ ಆ ಪದ್ಧತಿಯನ್ನು ಅನಾಮತ್ತಾಗಿ ನಮ್ಮ ಶೆಡ್ಡಿಗೆ ತಂದಿದ್ದರು. ಎರಡು ಸೆಲ್ಲು, ತುದಿಗೊಂದು ಹಿತ್ತಾಳೆ ಗಂಟೆ. ಮೇಜಿನ ಈ ತುದಿಯಲ್ಲಿ ಅವರು ಮೊದಲನೇ ತಂತಿಗೆ ಗಂಟೆ ಹೊಡೆದರೆ ಆ ತುದಿಯಲ್ಲಿ ಕೂತ ಹೆಂಗಸು ತಿರುಗಿ ಹೊಡೆಯಬೇಕು. ಹೀಗೆ ಒಂದು ಕೇಬಲ್ಲಿನ ಎಂಟು ತಂತಿಗೂ. ದಿನವಿಡೀ ಶೆಡ್ಡು ಪೂಜೆಯ ಹೊತ್ತಿನ ಹಾಗೆ ಗಣಗಣ ಅನ್ನುತ್ತಿತ್ತು.

“ಬೆಲ್ ಒಡೀತಾ? ಒಡೀತು. ಮುಗೀತು ಮ್ಮಾ. ತಂತಿಗೆ ಸುಳ್ ಏಳಕ್ಕೆ ಬರಲ್ಲ,” ಅನ್ನುತ್ತಿದ್ದರು ಮೇಸ್ತ್ರಿ. ಹಕಾರ ಅವರ ನಾಲಿಗೆಗೆ ಬರುತ್ತಿರಲಿಲ್ಲ.

ಫೋನು ಇಟ್ಟವಳೇ ಮುಂದಿನ ರೈಲು ಹಿಡಿದು ಬಂಗಾರಪೇಟೆಗೆ ಹೋಗಿ, ಊರಾಚೆಯ ಆ ಕಾರ್ಖಾನೆಗೆ ಆಟೋದಲ್ಲಿ ಹೋದೆ. ಅಲ್ಲಿ ಆಫೀಸಿನಲ್ಲೊಂದು ಹಬ್ಬು, ಅಂದರೆ ಎಲ್ಲ ಕೇಬಲ್ಲುಗಳೂ ಬಂದು ಸೇರುವ ಪುಟ್ಟ ಪೆಟ್ಟಿಗೆ. ಅದರಿಂದ ಲಾರಿ ತೂಗುವ ಕೋಣೆಗೆ ಎಂಬತ್ತು ಮೀಟರು ಕೇಬಲ್ಲನ್ನು ನಾವೇ ಎಳೆದಿದ್ದೆವು. ಹಬ್ಬಿನ ಹಸಿರು ದೀಪ ನೋಡಿದೆ. ಅಚ್ಚುಕಟ್ಟಾಗಿ ಉರಿಯುತ್ತಿತ್ತು. ತೂಕದ ಕೋಣೆಯಿಂದ ಒಂದು ಫೈಲು ಕಳಿಸಿದೆ. ಸ್ವಲ್ಪ ನಿಧಾನವಾದರೂ ಹೋಯಿತು. ಇನ್ನೊಂದು ಕಳಿಸಿದೆ, ಅದೂ ಹೋಯಿತು.

“ಹೋಗ್ತಿದೆಯಲ್ಲ ಸಾರ್?” ಎಂದೆ, ಸ್ವಲ್ಪ ಜಂಬದಿಂದಲೇ.

ಮ್ಯಾನೇಜರು ಗಡಿಯಾರ ತೋರಿಸಿದರು. “ಊಟದ ಹೊತ್ತು. ಎರಡಾಗಲಿ, ನೋಡೋರಂತೆ.”

ಎರಡಾಯಿತು. ಕಲ್ಲು ಕುಯ್ಯುವ ದೊಡ್ಡ ಗರಗಸ ಗುಂಯ್ ಎಂದು ಶುರುವಾಯಿತು. ನಾನು ಮೂರನೇ ಫೈಲು ಕಳಿಸಿದೆ. ಪರದೆಯ ಮೇಲೆ ಅರ್ಧಕ್ಕೆ ಬಂದು ನಿಂತೇ ಹೋಯಿತು. ಹಸಿರು ದೀಪ ಮಾತ್ರ ತನಗೇನೂ ಸಂಬಂಧವಿಲ್ಲ ಎನ್ನುವ ಹಾಗೆ ಉರಿಯುತ್ತಲೇ ಇತ್ತು. ನನಗೆ ನಾಚಿಕೆಯಾಗಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಮೈಯೆಲ್ಲ ಜುಮ್ಮೆಂದಿತು. ಎಲಾ ಇದರ! ಗರಗಸಕ್ಕೂ ಫೈಲಿಗೂ ಏನು ನಂಟು?

ಗರಗಸದವನ ಹತ್ತಿರ ಓಡಿದೆ. “ಅಣ್ಣಾ, ಐದೇ ಐದು ನಿಮಿಷ ನಿಲ್ಲಿಸ್ತೀಯಾ?”

“ಒಳ್ಳೇ ಕತೆ ನಿಂದು. ಕಲ್ಲು ಅರ್ಧ ಕುಯ್ದಿವ್ನಿ. ಈಗ ನಿಲ್ಸಿದ್ರೆ ಗೆರೆ ಬೀಳ್ತದೆ. ಆಮೇಲೆ ನೀನ್ ತಗೊಂಡೋಗಿ ಮನೆ ಮುಂದೆ ಆಕ್ಕೊಂತೀಯಾ ಆ ಕಲ್ನ?”

ಸಂಜೆ ಪಾಳಿ ಬದಲಾಗುವವರೆಗೆ ಕಾದೆ. ಗರಗಸ ನಿಂತ ಕೂಡಲೇ ಫೈಲು ಹೋಯಿತು, ಶುರುವಾದ ಕೂಡಲೇ ನಿಂತಿತು. ಮ್ಯಾನೇಜರು ಶನಿವಾರದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಸರಿಹೋಗದಿದ್ದರೆ ನಮ್ಮ ಕೇಬಲ್ಲೆಲ್ಲ ಕಿತ್ತು ಬೆಂಗಳೂರಿನವರಿಂದ ಹೊಸದಾಗಿ ಹಾಕಿಸುತ್ತೇನೆ ಎಂದರು. ಅವತ್ತು ಬುಧವಾರ.

ಮರುದಿನ ಬೆಳಿಗ್ಗೆ ಯಜಮಾನರಿಗೆ ವಿಷಯ ಹೇಳಿದೆ. ಅವರು ಮುಳಬಾಗಿಲು ಕಡೆಯವರು, ಸಿಟ್ಟು ಬಂದರೆ ಅರ್ಧ ತೆಲುಗು. “ಸೂಡಮ್ಮಾಯಿ, ಇಲ್ ನೋಡು,” ಎಂದು ಶುರುಮಾಡಿದರು, “ಕೇಬಲ್ಲು ಕೆಟ್ಟಿದೆ ಅಂತ ಆದ್ರೆ ಟೆಸ್ಟ್ ಮಾಡ್ದೋನು ಯಾರು? ಮೇಸ್ತ್ರಿ. ಶನಿವಾರ ಆ ಮ್ಯಾನೇಜರು ಬೇಡ ಅಂದ ದಿನ ಮೇಸ್ತ್ರಿನೂ ಮನೆಗೆ. ನಾನು ಧರ್ಮಛತ್ರ ಇಟ್ಟಿಲ್ಲ.”

ಅವರು ಮೆಲ್ಲಗೆ ಹೇಳಲಿಲ್ಲ. ಮೇಜಿನ ಆ ತುದಿಯಲ್ಲಿದ್ದ ಮೇಸ್ತ್ರಿಗೆ ಕೇಳಿಸಿತು. ಅವರ ಮನೆಯಲ್ಲಿ ಸಂಬಳ ತರುವ ಕೈ ಅದೊಂದೇ ಎಂಬುದು ಶೆಡ್ಡಿಗೆಲ್ಲ ಗೊತ್ತಿತ್ತು. ಗಣಿಯಲ್ಲಿ ಕೆಲಸ ಹೋದಾಗ ಎರಡು ವರ್ಷ ಅವರು ಬೀದಿ ಬೀದಿ ತಿರುಗಿ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿದ್ದರು. ಮೇಸ್ತ್ರಿ ಗಂಟೆ, ಸೆಲ್ಲು ಚೀಲಕ್ಕೆ ಹಾಕಿಕೊಂಡು, “ನಡಿ ಮ್ಮಾ, ನಾನೇ ನೋಡ್ತೀನಿ,” ಎಂದರು.

ಕಾರ್ಖಾನೆಯಲ್ಲಿ ಅವರು ತೂಕದ ಕೋಣೆಯಲ್ಲಿ, ನಾನು ಆಫೀಸಿನಲ್ಲಿ ನಿಂತು ಎಂಟು ತಂತಿಗೂ ಗಂಟೆ ಹೊಡೆದೆವು. ಗರಗಸದ ಸದ್ದಿನಲ್ಲೂ ಖಣಖಣ ಕೇಳಿಸಿತು. ಮೇಸ್ತ್ರಿಯ ಮುಖ ಅರಳಿತು. ತಪ್ಪು ಕೇಬಲ್ಲಿನದಲ್ಲ, ಕರೆಂಟು ತಂತಿಯ ಪಕ್ಕದಲ್ಲಿ ಎಳೆದದ್ದೇ ತಪ್ಪು ಎಂದರು. ನನಗೂ ಹೌದೆನ್ನಿಸಿತು. ಇಬ್ಬರೂ ಸೇರಿ ಅಷ್ಟುದ್ದ ಕೇಬಲ್ಲನ್ನು ಗೋಡೆಯಿಂದ ಬಿಡಿಸಿ, ಇನ್ನೊಂದು ಪಕ್ಕದಿಂದ ಕಬ್ಬಿಣದ ಪೈಪಿನೊಳಗೆ ತೂರಿಸಿ, ಪೈಪಿಗೆ ಅರ್ತ್ ಕೊಟ್ಟೆವು. ಕಲ್ಲಿನ ಪುಡಿ ಮೂಗು, ಬಾಯಿ, ಜಡೆಯೊಳಗೆಲ್ಲ. ಸಂಜೆಯಾಗುವ ಹೊತ್ತಿಗೆ ಮೇಸ್ತ್ರಿಯ ಮೀಸೆ ಯಾವುದು, ಪುಡಿ ಯಾವುದು ಗೊತ್ತಾಗುತ್ತಿರಲಿಲ್ಲ. ಫೈಲು ಮೊದಲಿಗಿಂತ ನಾಲ್ಕು ಬೆರಳು ಮುಂದೆ ಹೋಗಿ ನಿಂತಿತು. ಎರಡು ತುದಿಯ ಪ್ಲಗ್ಗು ಕತ್ತರಿಸಿ ಹೊಸದು ಹಾಕಿದೆವು. ಅದೇ ಹಣೆಬರಹ. ಗುರುವಾರ ಹೀಗೇ ಕಳೆದುಹೋಯಿತು.

ಶುಕ್ರವಾರ ಯಜಮಾನರು ಬೆಂಗಳೂರಿನಿಂದ ಒಬ್ಬ ಸೇಲ್ಸ್‌ಮನ್ನನ್ನು ಕರೆಸಿದರು. ಕೇಬಲ್ ಪರೀಕ್ಷೆ ಮಾಡುವ ಸಾಮಾನು ಮಾರುವವನು. ಅವನ ಸೂಟ್‌ಕೇಸಿನಲ್ಲಿ ಎರಡು ಉಪಕರಣಗಳಿದ್ದವು. ಒಂದು ದೀಪದ ಪೆಟ್ಟಿಗೆ. ಕೇಬಲ್ಲಿನ ಎರಡು ತುದಿಯನ್ನೂ ಅದಕ್ಕೆ ಸಿಕ್ಕಿಸಿದರೆ ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹತ್ತುತ್ತಿತ್ತು. ಇನ್ನೊಂದು ಇಟ್ಟಿಗೆ ಗಾತ್ರದ ಮೀಟರು, ಅದಕ್ಕೊಂದು ಪುಟ್ಟ ಪರದೆ. ಅದರ ಬೆಲೆ ಕೇಳಿ ಯಜಮಾನರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು.

“ಆ ದೀಪದ್ದೇ ಸಾಕು. ಎಂಟು ತಂತಿ, ಎಂಟು ದೀಪ. ಇನ್ನೇನು ಬೇಕು?”

ಹೆಂಗಸರಿಗೂ ದೀಪದ ಪೆಟ್ಟಿಗೆ ಬಹಳ ಹಿಡಿಸಿತು. ಗಣಿ ಕಾಲೋನಿ ಮೈಸೂರು ಮೈನ್ಸಿನಿಂದ ಬರುತ್ತಿದ್ದ ಒಬ್ಬ ಅಕ್ಕ, ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವರು, ದೀಪ ಓಡುವುದನ್ನು ಬಗ್ಗಿ ನೋಡಿ ಮಗುವಿನಂತೆ ನಕ್ಕರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

“ನಮ್ಮ ಗಂಟೆ ಹೇಳದೇ ಇರೋದು ಏನಾದರೂ ಇದು ಹೇಳುತ್ತಾ?” ಎಂದು ಸೇಲ್ಸ್‌ಮನ್ನನ್ನು ಕೇಳಿದೆ.

ಅವನು ಪಾಪ ಸುಳ್ಳುಗಾರನಲ್ಲ. ತಲೆ ಕೆರೆದುಕೊಂಡು, “ಅದೇ ಹೇಳುತ್ತೆ ಮೇಡಂ. ಸ್ವಲ್ಪ ಬೇಗ ಹೇಳುತ್ತೆ,” ಎಂದ.

“ಮತ್ತೆ ಆ ಮೀಟರು?”

ಅವನು ನಾವು ಮಾಡಿಟ್ಟಿದ್ದ ರಾಶಿಯಿಂದ ಹತ್ತು ಮೀಟರಿನ ಒಂದು ಕೇಬಲ್ ಎತ್ತಿಕೊಂಡು ಮೀಟರಿಗೆ ಸಿಕ್ಕಿಸಿದ. ಗಂಟೆಯಲ್ಲಿ ಎಂಟಕ್ಕೆ ಎಂಟೂ ಬಾರಿಸಿ ಒಳ್ಳೇದು ಎನಿಸಿಕೊಂಡಿದ್ದ ಕೇಬಲ್ಲು ಅದು. ಪರದೆಯ ಮೇಲೆ ಫೇಲ್ ಎಂದು ಬಂತು. ಇನ್ನೊಂದು ಹಾಕಿದ, ಫೇಲ್. ಮತ್ತೊಂದು, ಅದೂ ಫೇಲ್. ಮೇಸ್ತ್ರಿ ಎದ್ದು ಬಂದು ಪರದೆ ನೋಡಿದರು.

“ಮಿಷನ್ ಕೆಟ್ಟಿರಬೇಕು,” ಎಂದರು.

ಅದನ್ನು ನೋಡಲು ಒಂದೇ ದಾರಿಯಿತ್ತು. ಹಬ್ಬಿನ ಜೊತೆ ಡಬ್ಬದಲ್ಲೇ ಬಂದ, ಬೇರೆ ಯಾರೋ ತಯಾರಿಸಿದ ಒಂದು ಕೇಬಲ್ ನಮ್ಮ ಬೀರುವಿನಲ್ಲಿತ್ತು. ಸಿಕ್ಕಿಸಿದೆವು. ಪಾಸ್. ಮೀಟರಿನ ಹೊಟ್ಟೆಯಲ್ಲಿ ತಪ್ಪಿಲ್ಲ, ನಮ್ಮ ಕೇಬಲ್ಲಿನ ಹೊಟ್ಟೆಯಲ್ಲಿದೆ. ಮೂರನೇ ಮತ್ತು ಆರನೇ ತಂತಿಯ ಮುಂದೆ ಮೀಟರು ಗುರುತು ತೋರಿಸುತ್ತಿತ್ತು. ಹಾಗಂದರೇನು ಎಂದು ಕೇಳಿದರೆ ಸೇಲ್ಸ್‌ಮನ್, “ಪಕ್ಕದ ಜೋಡಿಯ ಗಲಾಟೆ ಈ ಜೋಡಿಗೆ ನುಗ್ಗುತ್ತಿದೆ ಅಂತ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ,” ಎಂದ. ಅವನಿಗೆ ಸಂಜೆಯ ರೈಲಿಗೆ ಹೊರಡಬೇಕಿತ್ತು. ನಾನು ಕಾಡಿ ಬೇಡಿ, ಶನಿವಾರ ಸಂಜೆಯ ರೈಲಿಗೆ ಹೊರಟರೂ ಆಗುತ್ತದೆ ಎಂದು ಒಪ್ಪಿಸಿದೆ. ಅವನು ಬಂಗಾರಪೇಟೆಯ ಲಾಡ್ಜಿಗೆ ಹೋದ, ಮೀಟರು ನನ್ನ ಹತ್ತಿರ ಉಳಿಯಿತು.

ಎರಡು ಕೇಬಲ್ಲುಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಕೂತೆ. ಪ್ಲಗ್ಗು ಗಾಜಿನ ಹಾಗೆ ಪಾರದರ್ಶಕ. ಒಳಗಿನ ಬಣ್ಣ ಕಾಣುತ್ತದೆ. ಈ ಕೇಬಲ್ಲಿನಲ್ಲಿ ಎಂಟು ತಂತಿ ನಾಲ್ಕು ಜೋಡಿಯಾಗಿ, ಜೋಡಿ ಜೋಡಿಯೂ ಒಂದಕ್ಕೊಂದು ಹೊಸೆದುಕೊಂಡಿರುತ್ತದೆ. ನಾವು ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಸಾಲಾಗಿ ಕೂರಿಸುತ್ತಿದ್ದೆವು. ಶಾಫ್ಟಿನ ಗಂಟೆ ತಂತಿಯಲ್ಲಿ ಜೋಡಿಯನ್ನು ಅಗಲಿಸುವುದು ಮಹಾಪರಾಧ. ಮೇಸ್ತ್ರಿ ಕಲಿಸಿದ್ದೇ ಹಾಗೆ. ಡಬ್ಬದ ಕೇಬಲ್ಲಿನಲ್ಲಿ ಹಸಿರು ಜೋಡಿ ಅಗಲಿತ್ತು. ಒಂದು ಮೂರನೇ ಜಾಗದಲ್ಲಿ, ಇನ್ನೊಂದು ಆರನೆಯದರಲ್ಲಿ, ನಡುವೆ ನೀಲಿ ಜೋಡಿ ಸುಖವಾಗಿ ಕೂತಿತ್ತು.

ಈ ಚಿತ್ರ ನಾನು ಮೊದಲೇ ನೋಡಿದ್ದೆ. ಪ್ಲಗ್ಗುಗಳ ಮೊದಲ ಡಬ್ಬ ಖಾಲಿಯಾದ ದಿನ ಅದರ ತಳದಲ್ಲಿ ಒಂದು ಚೀಟಿ ಸಿಕ್ಕಿತ್ತು. ಅದರಲ್ಲಿ ಹಸಿರು ಹೀಗೇ ಅಗಲಿ ನಿಂತಿತ್ತು. ಅಷ್ಟರಲ್ಲಾಗಲೇ ಮೇಸ್ತ್ರಿ ಹೆಂಗಸರಿಗೆ ತಮ್ಮ ಕ್ರಮ ಕಲಿಸಿ, ಐವತ್ತು ಕೇಬಲ್ ಮುಗಿಸಿದ್ದರು. ಅಷ್ಟು ದೊಡ್ಡವರ ಕೈಕೆಲಸದ ಮುಂದೆ ಒಂದು ಚೀಟಿಯೇ! ಅಚ್ಚು ಹಾಕುವವನು ತಪ್ಪಿರಬೇಕು ಎಂದುಕೊಂಡು ಮಡಚಿ ಡ್ರಾಯರಿಗೆ ಹಾಕಿದ್ದೆ. ಯಾರಿಗೂ ತೋರಿಸಿರಲಿಲ್ಲ.

ಈಗ ಚೀಟಿಯ ಪ್ರಕಾರವೇ ಹತ್ತು ಮೀಟರಿನ ಒಂದು ಕೇಬಲ್ ಮಾಡಿದೆ. ಮೀಟರು ಪಾಸ್ ಎಂದಿತು. ಯಾಕೆ ಎಂದು ಆಮೇಲೆ ಹಳೇ ಪಠ್ಯಪುಸ್ತಕ ತಿರುವಿ ತಿಳಿದುಕೊಂಡೆ. ಕಂಪ್ಯೂಟರು ಮಾತಾಡುವುದು ಒಂದು-ಎರಡನೇ ತಂತಿಗಳಲ್ಲಿ ಮತ್ತು ಮೂರು-ಆರನೇ ತಂತಿಗಳಲ್ಲಿ. ಜೊತೆಯಾಗಿ ಹೊಸೆದ ಎರಡು ತಂತಿಯ ಮೇಲೆ ಹೊರಗಿನ ಗಲಾಟೆ ಒಂದೇ ಸಮನಾಗಿ ಬೀಳುವುದರಿಂದ ಅದು ಅಲ್ಲಲ್ಲೇ ವಜಾ ಆಗುತ್ತದೆ. ನಮ್ಮ ಕೇಬಲ್ಲಿನಲ್ಲಿ ಮೂರನೆಯದು ನಾಲ್ಕನೆಯದರ ಜೊತೆ ಹೊಸೆದಿತ್ತು, ಆರನೆಯದು ಐದನೆಯದರ ಜೊತೆ. ಗಿಡ್ಡ ಕೇಬಲ್ಲಿನಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ಎಂಬತ್ತು ಮೀಟರಿನಲ್ಲಿ, ಅದೂ ಗರಗಸದ ಮೋಟಾರಿನ ಪಕ್ಕ, ನಡೆಯಲಿಲ್ಲ. ಗಂಟೆಗೆ ಇದು ಹೇಗೆ ತಿಳಿಯಬೇಕು? ಈ ತುದಿಯ ಮೂರು ಆ ತುದಿಯ ಮೂರಕ್ಕೆ ಸೇರಿದೆಯಲ್ಲ, ಬಾರಿಸುತ್ತದೆ. ಸರಿಯಾದ ಕೇಬಲ್ಲನ್ನೂ ತಪ್ಪು ಕೇಬಲ್ಲನ್ನೂ ದೀಪದ ಪೆಟ್ಟಿಗೆಗೆ ಒಂದಾದ ಮೇಲೊಂದು ಹಾಕಿ ನೋಡಿದೆ. ಎರಡಕ್ಕೂ ಎಂಟೆಂಟು ದೀಪ ಚೆಂದವಾಗಿ ಹತ್ತಿದವು. ಯಾವುದನ್ನು ಕೊಳ್ಳಬೇಕು ಎಂಬುದು ನನಗೆ ಅಲ್ಲಿಗೆ ತೀರ್ಮಾನವಾಯಿತು.

ಯಜಮಾನರು ಒಳಗೆ ಬಂದು ಮೀಟರಿನ ಫಲಿತಾಂಶ ಕೇಳಿ ಮೇಸ್ತ್ರಿಯ ಕಡೆ ತಿರುಗಿದರು. “ನೋಡ್ದೇನಯ್ಯಾ? ಗಂಟೆ ಗಂಟೆ ಅಂತ ನನ್ನ ಮಾನ ಹರಾಜು ಹಾಕ್ದಲ್ಲ! ನಾಳೆಯಿಂದ…”

“ಚೀಟಿ ನನ್ನ ಹತ್ರ ಇತ್ತು,” ಎಂದುಬಿಟ್ಟೆ. ಡ್ರಾಯರಿನಿಂದ ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ. “ಸರಿಯಾದ ಕ್ರಮ ಇದರಲ್ಲೇ ಇತ್ತು. ನಾನು ನೋಡಿದ್ದೆ, ತೋರಿಸಲಿಲ್ಲ. ಮೇಸ್ತ್ರಿಗೆ ಗೊತ್ತೇ ಇರಲಿಲ್ಲ. ಕಳಿಸೋದಾದ್ರೆ ಮೊದಲು ನನ್ನನ್ನ ಕಳಿಸಿ. ಆದರೆ ನಾಳೆ ಮಧ್ಯಾಹ್ನದವರೆಗೆ ನಮ್ಮಿಬ್ಬರನ್ನೂ ಇಟ್ಕೊಳ್ಳಿ, ಲೈನು ಸರಿ ಮಾಡಿ ಕೊಡ್ತೀವಿ.”

ಯಜಮಾನರು ಚೀಟಿ ನೋಡಿದರು, ನನ್ನನ್ನು ನೋಡಿದರು. “ಓದ್ದೋಳು ಅಂತ ನಿನ್ನನ್ನ ಇಟ್ಕೊಂಡಿದ್ದು,” ಎಂದರು ಬಹಳ ಸಣ್ಣ ದನಿಯಲ್ಲಿ. ಕಿರುಚಿದ್ದರೆ ಎಷ್ಟೋ ವಾಸಿಯಿತ್ತು. ಮೇಸ್ತ್ರಿ ಮಾತ್ರ ಚೀಟಿಯನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಯಜಮಾನರು, ಮೇಸ್ತ್ರಿ, ನಾನು ಮೂವರೂ ಕಾರ್ಖಾನೆಗೆ ಹೋದೆವು. ಮೇಸ್ತ್ರಿ ಎರಡೂ ತುದಿಯ ಪ್ಲಗ್ಗು ಕತ್ತರಿಸಿ, ಹಸಿರು ಜೋಡಿಯನ್ನು ತಮ್ಮ ಕೈಯಾರೆ ಅಗಲಿಸಿ ಕೂರಿಸಿದರು. ಬೆರಳು ಒಂದು ಕ್ಷಣ ತಡೆಯಿತು, ನಾನು ನೋಡಿದೆ. ಗರಗಸ ಭರ್ಜರಿಯಾಗಿ ಓಡುತ್ತಿತ್ತು. ಮೊದಲು ಗರಗಸ ನಿಲ್ಲಿಸಿ ನೋಡೋಣವೇ ಎಂದು ಯಜಮಾನರು ನನ್ನ ಕಿವಿಯಲ್ಲಿ ಕೇಳಿದರು. ಬೇಡ ಎಂದೆ. ಮೀಟರು ಸಿಕ್ಕಿಸಿದೆ. ಪಾಸ್. ಅಷ್ಟೇ ಅಲ್ಲ, ಕೇಬಲ್ಲಿನ ಉದ್ದ ಕೂಡ ಮೀಟರುಗಳಲ್ಲಿ ಬಂತು. ತೂಕದ ಕೋಣೆಯಿಂದ ಹೊರಟ ಫೈಲು ಎಲ್ಲೂ ನಿಲ್ಲದೆ ಆಫೀಸು ಸೇರಿತು. ಮ್ಯಾನೇಜರು ಮತ್ತೆ ಮತ್ತೆ ಕಳಿಸಿ ನೋಡಿದರು. ಆಮೇಲೆ ಕನ್ನಡಕ ಏರಿಸಿಕೊಂಡು, ಪರದೆಯ ಮೇಲಿನ ಅಂಕೆಗಳನ್ನೆಲ್ಲ ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಂಡರು. “ಉಳಿದ ಕೇಬಲ್ಲಿಗೂ ಹೀಗೇ ಅಂಕೆ ಬೇಕು. ಬಾಯಿಮಾತು ಬೇಡ,” ಎಂದರು.

ಯಜಮಾನರು ಅದನ್ನು ಕೇಳಿಸಿಕೊಂಡರು. ಸಂಜೆ ಸೇಲ್ಸ್‌ಮನ್ ಮೀಟರು ತೆಗೆದುಕೊಂಡು ಹೋಗಲು ಕಾರ್ಖಾನೆಗೇ ಬಂದಾಗ, ಹಲ್ಲುನೋವು ಬಂದವರ ಮುಖ ಮಾಡಿಕೊಂಡು, “ಇಟ್ಟೋಗಯ್ಯಾ,” ಎಂದರು. ಯಾರನ್ನೂ ಮನೆಗೆ ಕಳಿಸುವ ಮಾತು ಮತ್ತೆ ಬರಲಿಲ್ಲ.

ನನ್ನ ಎದೆ ಮಾತ್ರ ಹಗುರಾಗಲಿಲ್ಲ. ಚೀಟಿ ತೋರಿಸಿದಾಗಿನಿಂದ ಮೇಸ್ತ್ರಿ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವರು ಮನೆಗೆ ಹೋಗಲು ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದರು. ನನ್ನ ಬಸ್ಸು ಹೋದರೆ ಹೋಗಲಿ ಎಂದು ಬೆಂಚಿನ ಮೇಲೆ ಅವರ ಪಕ್ಕ ಕೂತೆ.

“ಮೇಸ್ತ್ರಣ್ಣಾ, ತಪ್ಪಾಯ್ತು. ನಿಮ್ಮ ಮೇಲಿನ ಮರ್ಯಾದೆಗೆ ಸುಮ್ಮನಿದ್ದೆ.”

ಅವರು ಹಳಿ ನೋಡುತ್ತಲೇ ಹೇಳಿದರು. “ಕೆಲಸ ಓಗ್ತದೆ ಅಂತ ನಂಗೆ ಕೋಪ ಇಲ್ಲ ಮ್ಮಾ. ನನ್ ಕ್ರಮ ತಪ್ಪಾಯ್ತು, ಅದೂ ಸೆರಿ. ಅಂಥ ವಯರ್ ನಾನು ನೋಡಿರ್ಲಿಲ್ಲ. ಆದ್ರೆ ನೀನು ಪೇಪರ್ ನೋಡ್ದೆ. ನಾನ್ ದೊಡ್ಡೋನು ಅಂತ ಪೇಪರೇ ತಪ್ಪು ಅಂದ್ಕೊಂಡೆ.” ಈಗ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಗಿತ್ತು. “ಮರ್ಯಾದೆ ಅಂತೀಯಾ. ದೊಡ್ಡೋರು ಏಳಿದ್ರು ಅಂತ ಬಾಯ್ ಮುಚ್ಕೊಂಡು ಕೇಜಲ್ಲಿ ನಿಂತೋರ್ನ ನಾನ್ ನೋಡಿದೀನಿ ಮ್ಮಾ. ಆಮೇಲೆ ಅವರ್ ಎಣ ಮೇಲಕ್ ತಂದೋನೂ ನಾನೇ. ಅಂಥ ಮರ್ಯಾದೆ ನಂಗೆ ಬೇಡ.”

ರೈಲು ಬಂತು. ಅವರು ಹತ್ತಿ ಹೋದರು. ನಾನು ಆ ಬೆಂಚಿನ ಮೇಲೆ ಕೂತು ಅತ್ತೆ.

ಸೋಮವಾರ ನಾನು ಶೆಡ್ಡಿಗೆ ಬರುವ ಹೊತ್ತಿಗೆ ಮೇಜಿನ ತುದಿಯಲ್ಲಿ ಮೀಟರು ಇಟ್ಟು ಎಲ್ಲರೂ ಸುತ್ತ ನಿಂತಿದ್ದರು. ಮೀಟರು ಹಿಡಿಯುವ ಕುರ್ಚಿ ಮೇಸ್ತ್ರಿಯದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರು ಮೈಸೂರು ಮೈನ್ಸಿನ ಆ ಮಾತಿಲ್ಲದ ಅಕ್ಕನನ್ನು ಕರೆದು ಅಲ್ಲಿ ಕೂರಿಸಿದರು. “ನಾವು ಮಾಡ್ತೀವಿ, ನೀನ್ ನೋಡಿ ಪಾಸೋ ಫೇಲೋ ಏಳು. ಯಾರ್ದು ಅಂತ ನೋಡ್ಬೇಡ,” ಎಂದು ತಾವು ಹೆಂಗಸರ ಸಾಲಿನಲ್ಲಿ ಕೂತು ಪ್ಲಗ್ಗು ಹಾಕತೊಡಗಿದರು.

ನಾಲ್ಕು ಕೇಬಲ್ಲು ಪಾಸಾದವು. ಅಕ್ಕ ಐದನೆಯದನ್ನು ಸಿಕ್ಕಿಸಿದರು. ಪರದೆ ನೋಡಿದರು, ನನ್ನ ಮುಖ ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡರು. ಅದು ಮೇಸ್ತ್ರಿ ಈಗಷ್ಟೇ ಕೊಟ್ಟ ಕೇಬಲ್ಲು. ಹಳೇ ಅಭ್ಯಾಸದಲ್ಲಿ ತಂತಿಯ ಹೊಸೆತವನ್ನು ಬಹಳ ದೂರ ಬಿಚ್ಚಿಬಿಟ್ಟಿದ್ದರು. ನನ್ನ ಬಾಯಿಗೆ ಮಾತು ಬಂದಿತ್ತು, ನುಂಗಿಕೊಂಡೆ. ಅದು ಅಕ್ಕ ಹೇಳಬೇಕಾದ ಮಾತು.

“ಮೇಸ್ತ್ರೀ…” ಎಂದರು ಅಕ್ಕ ಕೊನೆಗೆ, ಕೇಳಿಸಿಯೂ ಕೇಳಿಸದ ಹಾಗೆ. “ನಿಮ್ದು ಓಗ್ಲಿಲ್ಲ.”

ಮೇಸ್ತ್ರಿ ಎದ್ದು ಹೋಗಿ ಕೇಬಲ್ಲನ್ನು ಕೈಗೆ ತೆಗೆದುಕೊಂಡು, ಪ್ಲಗ್ಗನ್ನು ಕಟಕ್ಕೆಂದು ಕತ್ತರಿಸಿ ಹಾಕಿದರು.

“ಕೇಳಿಸ್ಲಿಲ್ಲ ಮ್ಮಾ. ಜೋರಾಗ್ ಏಳು.”

ಅಕ್ಕ ಸೆರಗು ಕೆಳಗೆ ಬಿಟ್ಟರು. ಶೆಡ್ಡಿಗೆಲ್ಲ ಕೇಳುವಂತೆ ಹೇಳಿದರು: “ಮೇಸ್ತ್ರೀ, ನಿಮ್ ಕೇಬಲ್ ಫೇಲು!”